ಎಚ್‌ಐವಿ ಇರುವವರ ನೆರವಿಗೆ ವಿದೇಶಕ್ಕೆ ಹೊರಡುವುದು ಹೇಗೆ?

ಎಚ್‌ಐವಿ ಇರುವವರಿಗೆ ನೆರವಾಗಲು ವಿದೇಶಕ್ಕೆ ಹೋಗಬೇಕು ಎಂದುಕೊಂಡವರು ಸಾಮಾನ್ಯವಾಗಿ ಮೊದಲು ದೇಶ ಹುಡುಕುತ್ತಾರೆ. ಕೀನ್ಯಾಗೆ ಹೋಗಲಾ, ಥಾಯ್ಲೆಂಡ್‌ಗೆ ಹೋಗಲಾ ಅಂತ. ಹುಡುಕಬೇಕಾದ್ದು ಕೆಲಸವನ್ನು. ಅಲ್ಲಿನವರಿಗೆ ಬೇಕಾದ, ಆದರೆ ಅಲ್ಲಿ ಸುಲಭಕ್ಕೆ ಸಿಗದ ಯಾವ ಕೆಲಸ ನಿಮಗೆ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕಿದರೆ ದೇಶ ತಾನಾಗಿಯೇ ಗೊತ್ತಾಗುತ್ತದೆ.

ಯಾಕೆಂದರೆ ಆರೈಕೆ ಮಾಡುವವರು ಅಲ್ಲಿ ಆಗಲೇ ಇದ್ದಾರೆ. ಉಗಾಂಡಾದ ನೊಯೆರೀನ್ ಕಲೀಬಾ, ಗಂಡ ಏಡ್ಸ್‌ನಿಂದ ತೀರಿಕೊಂಡ 1987ರಲ್ಲೇ ಒಂದಷ್ಟು ಜನರನ್ನು ಸೇರಿಸಿಕೊಂಡು ಏಡ್ಸ್ ಇರುವವರಿಗೆ ನೆರವಾಗುವ ‘ಟಾಸೊ’ ಸಂಸ್ಥೆ ಕಟ್ಟಿದರು. ಆ ಗುಂಪಿನ ಹಲವರಿಗೆ ಸ್ವತಃ ಸೋಂಕಿತ್ತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2001ರಲ್ಲಿ ಶುರುವಾದ ‘ಮದರ್ಸ್ ಟು ಮದರ್ಸ್’, ಎಚ್‌ಐವಿ ಇರುವ ತಾಯಂದಿರಿಗೇ ತರಬೇತಿ ಮತ್ತು ಸಂಬಳ ಕೊಟ್ಟು ಕ್ಲಿನಿಕ್‌ಗಳಲ್ಲಿ ಕೆಲಸಕ್ಕೆ ಹಾಕುತ್ತದೆ. ಸೋಂಕಿದೆ ಎಂದು ಅವತ್ತೇ ಗೊತ್ತಾದ ಗರ್ಭಿಣಿಗೆ ಇಂಥ ತಾಯಿಯ ಮಾತು ನಾಟುವಷ್ಟು ಹೊರಗಿನವರ ಮಾತು ನಾಟುವುದಿಲ್ಲ. ಅವಳ ಭಾಷೆಯೂ ನಮಗೆ ಬರುವುದಿಲ್ಲ, ಅಲ್ವಾ?

ಮೊದಲು, ನಿಮಗೇನು ಬರುತ್ತದೆ?

ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ‘ಸೇವಾ ಮನೋಭಾವ’ ಅಂತ ಬರೆಯಬೇಡಿ, ಅದು ಎಲ್ಲರಲ್ಲೂ ಇರುತ್ತದೆ. ಲೆಕ್ಕಪತ್ರ, ಔಷಧ ದಾಸ್ತಾನು ನೋಡಿಕೊಳ್ಳುವುದು, ಲ್ಯಾಬ್ ಕೆಲಸ, ನರ್ಸಿಂಗ್, ಕಂಪ್ಯೂಟರ್ ದಾಖಲೆ, ಅನುದಾನದ ಅರ್ಜಿ ಬರೆಯುವುದು, ತರಬೇತಿ ಕೊಡುವುದು ಇಂಥವನ್ನು ಬರೆಯಿರಿ. ಔಷಧ ದಾಸ್ತಾನಿನ ಲೆಕ್ಕ ತಪ್ಪಿದರೆ ಮಾತ್ರೆ ಖಾಲಿಯಾಗುತ್ತದೆ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಹೆಚ್ಚುತ್ತದೆ, ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ಹಾಗಾಗಿ ಸ್ಟೋರ್ ರೂಮಿನಲ್ಲಿ ಕೂತು ಲೆಕ್ಕ ಸರಿ ಮಾಡುವವರು ರೋಗಿಯ ಕೈ ಹಿಡಿದು ಫೋಟೊ ತೆಗೆಸಿಕೊಳ್ಳುವವರಿಗಿಂತ ಎಷ್ಟೋ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಈ ಕೆಲಸಗಳಲ್ಲಿ ಕೆಲವನ್ನು ಮನೆಯಿಂದಲೇ ಮಾಡಬಹುದು. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗ ‘ಯುಎನ್‌ವಿ’ಯಲ್ಲಿ ಆನ್‌ಲೈನ್ ಸ್ವಯಂಸೇವೆಗೂ ಜಾಗವಿದೆ. ವಿಮಾನದ ದುಡ್ಡೂ ಉಳಿಯುತ್ತದೆ.

ಕಾಯಿಲೆಯ ಬಗ್ಗೆ ಇಷ್ಟಾದರೂ ತಿಳಿದಿರಲಿ

ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಮುಕ್ಕಾಲು ಪಾಲು ಜನ ಚಿಕಿತ್ಸೆಯಲ್ಲಿದ್ದಾರೆ. 1996ರ ಹೊತ್ತಿಗೆ ಬಂದ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ, ಸಾಯಿಸುವ ಕಾಯಿಲೆಯನ್ನು ದಿನವೂ ಮಾತ್ರೆ ನುಂಗಿ ಹತೋಟಿಯಲ್ಲಿಡಬಹುದಾದ ಕಾಯಿಲೆಯಾಗಿ ಮಾಡಿತು. ಸರಿಯಾಗಿ ಮಾತ್ರೆ ತೆಗೆದುಕೊಂಡು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ತಗಲುವ ಸಾಧ್ಯತೆ ಶೇ 15ರಿಂದ 45. ಚಿಕಿತ್ಸೆ ಸರಿಯಾಗಿ ಸಿಕ್ಕರೆ ಶೇ 5ಕ್ಕಿಂತ ಕಡಿಮೆ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಇದನ್ನು ಹೇಳಬೇಕಾ ಎನಿಸಬಹುದು. ಆದರೆ ಹೋದ ಮೊದಲ ದಿನ ಯಾರೋ ಕೊಟ್ಟ ಲೋಟ ಹಿಡಿಯಲು ಹಿಂದೆಮುಂದೆ ನೋಡಿದಿರೋ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಸಂಸ್ಥೆ ಆರಿಸುವಾಗ ಅನುಮಾನ ಇರಲಿ

ಇಲ್ಲೇ ಜಾಸ್ತಿ ಜನ ಎಡವುವುದು. ಸ್ವಯಂಸೇವಕರನ್ನು ಕಳಿಸುವುದರಲ್ಲಿ ಎರಡು ಬಗೆ. ಯುಎನ್‌ವಿ, 1958ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ‘ವಿಎಸ್‌ಒ’ ಥರದವು ಕೆಲಸಕ್ಕೆ ತಕ್ಕ ಅನುಭವ ಕೇಳುತ್ತವೆ, ಆಯ್ಕೆಯಾದವರಿಗೆ ಅಲ್ಲಿ ಬದುಕಲು ಬೇಕಾದ ಭತ್ಯೆ ಕೊಡುತ್ತವೆ. ಇನ್ನೊಂದು ಬಗೆಯ ಏಜೆನ್ಸಿಗಳು ನಿಮ್ಮಿಂದಲೇ ಶುಲ್ಕ ಪಡೆದು ಎರಡು ವಾರಕ್ಕೆ ಕಳಿಸುತ್ತವೆ. ಶುಲ್ಕ ಕೇಳಿದ ಮಾತ್ರಕ್ಕೆ ಮೋಸ ಅಂತಲ್ಲ. ಆದರೆ ಅದರಲ್ಲಿ ಎಷ್ಟು ಪಾಲು ಅಲ್ಲಿನ ಸಂಸ್ಥೆಗೆ ಹೋಗುತ್ತದೆ ಎಂದು ಬರಹದಲ್ಲಿ ಕೇಳಿ. ತಡವರಿಸಿದರೆ ಬಿಟ್ಟುಬಿಡಿ.

ಇನ್ನೂ ಕೆಲವು ಪ್ರಶ್ನೆ ಕೇಳಲೇಬೇಕು. ಈ ಕೆಲಸ ಅಲ್ಲಿನವರು ಕೇಳಿದ್ದಾ, ಏಜೆನ್ಸಿ ಹುಟ್ಟಿಸಿದ್ದಾ? ನಾನು ಹೋದರೆ ಅಲ್ಲಿ ಯಾರದ್ದಾದರೂ ಸಂಬಳದ ಕೆಲಸ ಹೋಗುತ್ತದಾ? ಸಂಸ್ಥೆಯ ತೀರ್ಮಾನಗಳಲ್ಲಿ ಎಚ್‌ಐವಿ ಇರುವವರ ಪಾಲೆಷ್ಟು? ಈ ಕೊನೆಯ ಪ್ರಶ್ನೆ ನನ್ನ ತಲೆಯಿಂದ ಬಂದದ್ದಲ್ಲ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಏಡ್ಸ್ ಇದ್ದವರೇ ಸೇರಿ, ನಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ನಾವೂ ಇರಬೇಕು ಎಂದು ಕೇಳಿದ್ದರು. 1994ರ ಪ್ಯಾರಿಸ್ ಶೃಂಗಸಭೆಯಲ್ಲಿ 42 ದೇಶಗಳು ಇದನ್ನು ಒಪ್ಪಿಕೊಂಡವು. ಯೋಜನೆ ಈಗಲೂ ನಡೆಯುತ್ತಿದೆಯಾ ಎಂದೂ ವಿಚಾರಿಸಿ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ ಹಲವು ದೇಶಗಳಲ್ಲಿ ಎಚ್‌ಐವಿ ಕ್ಲಿನಿಕ್‌ಗಳು ಬಾಗಿಲು ಹಾಕಿದವು, ಅಲ್ಲಿನ ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಅಂಥ ಕಡೆ ಸಂಬಳ ನಿಂತ ನರ್ಸ್ ಜಾಗಕ್ಕೆ ಪುಕ್ಕಟೆ ಕೆಲಸಗಾರರಾಗಿ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

‘ಏಡ್ಸ್ ಅನಾಥಾಶ್ರಮದಲ್ಲಿ ಮಕ್ಕಳ ಜೊತೆ ಒಂದು ತಿಂಗಳು’ ಎಂಬ ಜಾಹೀರಾತು ಕಂಡರೆ ಅದನ್ನು ಬಿಟ್ಟುಬಿಡಿ. ಇಂಥ ಕಡೆ ಇರುವ ಬಹಳಷ್ಟು ಮಕ್ಕಳಿಗೆ ಅಪ್ಪ ಅಥವಾ ಅಮ್ಮ, ಇಲ್ಲವೇ ಹತ್ತಿರದ ನೆಂಟರು ಇರುತ್ತಾರೆ. ಬರುವ ಹೊರಗಿನವರ ದುಡ್ಡಿಗಾಗಿಯೇ ಮಕ್ಕಳನ್ನು ಮನೆಯಿಂದ ತಂದಿಟ್ಟುಕೊಳ್ಳುವ ಕಡೆಗಳೂ ಇವೆ. ಹಚ್ಚಿಕೊಂಡವರು ತಿಂಗಳಿಗೊಬ್ಬರಂತೆ ಬಿಟ್ಟುಹೋದರೆ ಮಕ್ಕಳ ಮನಸ್ಸಿಗೆ ಪೆಟ್ಟು.

ಕಾಗದಪತ್ರ, ಲಸಿಕೆ

ಸಂಬಳವಿಲ್ಲದ ಕೆಲಸವನ್ನೂ ಹಲವು ದೇಶಗಳು ಕೆಲಸವೆಂದೇ ಎಣಿಸುತ್ತವೆ. ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಏನೂ ಆಗಲ್ಲ’ ಎನ್ನುವ ಸಂಸ್ಥೆಯ ಮಾತು ನಂಬಬೇಡಿ. ರಾಯಭಾರ ಕಚೇರಿಯಲ್ಲೇ ಕೇಳಿ.

ಹೆಪಟೈಟಿಸ್ ಬಿ ಲಸಿಕೆಯನ್ನು ಬೇಗ ಶುರು ಮಾಡಿ. ಸಾಮಾನ್ಯ ಕ್ರಮದಲ್ಲಿ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸುಮಾರು 300ರಲ್ಲಿ 1. ಹೆಪಟೈಟಿಸ್ ಬಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ಬರುವ ಸಾಧ್ಯತೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆಫ್ರಿಕಾದ ಹಲವು ದೇಶಗಳು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತವೆ. ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಅದು ಊರ್ಜಿತವಾಗುತ್ತದೆ.

ಸೂಜಿ ಚುಚ್ಚಿದರೆ ತಕ್ಷಣ ಸೋಪು, ನೀರಿನಲ್ಲಿ ತೊಳೆದು ಎಚ್‌ಐವಿ ತಗಲದಂತೆ ತಡೆಯುವ ‘ಪೆಪ್’ ಔಷಧ ಶುರು ಮಾಡಬೇಕು. 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು. 28 ದಿನ ತೆಗೆದುಕೊಳ್ಳಬೇಕು. ಅದು ಅಲ್ಲಿ ಎಲ್ಲಿ ಸಿಗುತ್ತದೆ, ವಿಮೆಯಲ್ಲಿ ಅದರ ಖರ್ಚು ಬರುತ್ತದಾ ಎನ್ನುವುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ.

ನಿಮಗೇ ಎಚ್‌ಐವಿ ಇದ್ದರೆ? ಖಂಡಿತ ಹೋಗಬಹುದು, ಈ ಕೆಲಸಕ್ಕೆ ನಿಮ್ಮ ಅನುಭವ ದೊಡ್ಡದು. ಆದರೆ ಸೋಂಕಿತರಿಗೆ ಪ್ರವೇಶ ಅಥವಾ ವಾಸದ ನಿರ್ಬಂಧ ಹಾಕುವ ದೇಶಗಳು ಈಗಲೂ ಇವೆ. ಅಮೆರಿಕವೇ ಅದನ್ನು ತೆಗೆದದ್ದು 2010ರಲ್ಲಿ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಡಾಕ್ಟರ್ ಬರೆದ ಚೀಟಿಯೂ ಜೊತೆಗಿರಲಿ. ಹಳದಿ ಜ್ವರದ್ದು ಜೀವಂತ ಲಸಿಕೆ. ಸಿಡಿ4 ಎಣಿಕೆ (ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ತೋರಿಸುವ ರಕ್ತಕಣಗಳ ಲೆಕ್ಕ) ತೀರಾ ಕಡಿಮೆ ಇದ್ದರೆ ಹಾಕುವುದಿಲ್ಲ. ಡಾಕ್ಟರನ್ನು ಕೇಳಿ.

ಅಲ್ಲಿಗೆ ಹೋದ ಮೇಲೆ

ಬಾಯಿ ಬಿಗಿ ಇರಬೇಕು. ಕ್ಲಿನಿಕ್‌ನಲ್ಲಿ ಕಂಡವರನ್ನು ಸಂತೆಯಲ್ಲಿ ಕಂಡಾಗ ನೀವಾಗಿ ಮಾತಾಡಿಸಬೇಡಿ. ನೀವು ಎಲ್ಲಿ ಕೆಲಸ ಮಾಡುತ್ತೀರಿ ಎಂದು ಊರಿಗೆಲ್ಲ ಗೊತ್ತಿರುತ್ತದೆ. ‘ಇವರಿಗೆ ನಿಮ್ಮ ಪರಿಚಯ ಹೇಗೆ?’ ಎಂದು ಪಕ್ಕದವರು ಕೇಳಿದರೆ ಆ ಮನುಷ್ಯ ಏನು ಹೇಳಬೇಕು? ಮನೆಗೆ ಭೇಟಿ ಕೊಡುವಾಗ ಸಂಸ್ಥೆಯ ಹೆಸರು ಬರೆದ ಟೀ ಶರ್ಟ್ ಕೂಡ ಬೇಡ.

ಫೋಟೊ ವಿಷಯದಲ್ಲಿ ನನ್ನ ಸಲಹೆ ಸರಳ. ಕ್ಲಿನಿಕ್ ಒಳಗೆ ತೆಗೆಯಲೇಬೇಡಿ. ಕೇಳಿ ತೆಗೆದೆ ಅನ್ನುತ್ತೀರಿ. ಮಾತ್ರೆ ಕೊಡುವ ಜಾಗದಲ್ಲಿ ಕೇಳಿದರೆ ಬೇಡ ಎನ್ನಲು ಎಷ್ಟು ಜನರಿಗೆ ಧೈರ್ಯ ಬರುತ್ತದೆ? ಉಗಾಂಡಾದ 2023ರ ಕಾಯ್ದೆ ಸಲಿಂಗ ಸಂಬಂಧಕ್ಕೆ ಜೀವಾವಧಿ ಶಿಕ್ಷೆ ಇಟ್ಟಿದೆ, ಕೆಲವು ಸಂದರ್ಭಗಳಲ್ಲಿ ಮರಣದಂಡನೆಯನ್ನೂ. ಅಂಥ ಕಡೆ ಸಲಿಂಗಿ ಗಂಡಸರಿಗೆ ಚಿಕಿತ್ಸೆ ಕೊಡುವ ಜಾಗದ ಒಂದು ಚಿತ್ರ ಜಾಲತಾಣಕ್ಕೆ ಹೋದರೂ ಸಾಕು, ಯಾರದ್ದೋ ಬದುಕು ಹಾಳಾಗಲು.

ಇನ್ನೊಂದು. ನಿಮಗೆ ಕೆಮ್ಮು, ಜ್ವರ ಇದ್ದರೆ ಅವತ್ತು ಹೋಗಬೇಡಿ. ಎಚ್‌ಐವಿ ಇರುವವರ ಸಾವಿಗೆ ದೊಡ್ಡ ಕಾರಣ ಕ್ಷಯ. ಹೋಗುವವರು ತಮಗೇನಾದರೂ ತಗಲುತ್ತದಾ ಎಂದು ಚಿಂತಿಸುತ್ತಾರೆ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ನಾವೇ ಕಾಯಿಲೆ ಹೊತ್ತು ತರುವ ಅಪಾಯ ಅದಕ್ಕಿಂತ ದೊಡ್ಡದು.

ವಾಪಸಾಗುವ ದಿನವನ್ನು ಅಲ್ಲಿಗೆ ಹೋದ ಮೊದಲ ವಾರವೇ ಎಲ್ಲರಿಗೂ ಹೇಳಿಬಿಡಿ. ಕೊನೆಯ ತಿಂಗಳು ಹೊಸ ಕೆಲಸ ಶುರು ಮಾಡದೆ, ಮಾಡುತ್ತಿರುವುದನ್ನು ಅಲ್ಲಿನ ಒಬ್ಬರಿಗೆ ಕಲಿಸಿ. ಕೊನೆಯ ಎರಡು ವಾರ ಅವರೇ ಮಾಡಲಿ, ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ. ಫೈಲುಗಳ ಪಾಸ್‌ವರ್ಡ್ ಬರೆದು ಕೊಡಿ. ರೋಗಿಗಳ ವಿವರವೇನಾದರೂ ನಿಮ್ಮ ಫೋನ್, ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದರೆ ವಿಮಾನ ಹತ್ತುವ ಮೊದಲೇ ಅಳಿಸಿ.