ಒಂದೇ ಅಂಗಡಿಯ ಲೆಕ್ಕದಲ್ಲಿ ಸ್ಪ್ರೆಡ್‌ಶೀಟ್ ಪಾಠವೂ ವ್ಯವಹಾರ ಪಾಠವೂ

ಪ್ರೌಢಶಾಲೆಯಲ್ಲಿ ಸ್ಪ್ರೆಡ್‌ಶೀಟ್ ಕಲಿಸಲು ಹೆಚ್ಚಾಗಿ ಬಳಸುವುದು ಐದು ಮಕ್ಕಳ ಅಂಕಪಟ್ಟಿಯನ್ನು. ಕೂಡಿಸಿ, ಸರಾಸರಿ ತೆಗೆದು, ಬಣ್ಣ ಹಚ್ಚಿದರೆ ಮುಗಿಯಿತು. ಅದರಲ್ಲಿ ಉತ್ತರ ತಪ್ಪಿದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಅಭ್ಯಾಸಗಳಲ್ಲಿ ಡಾಲರು, ನಿಂಬೆ ಪಾನಕದ ಗೂಡಂಗಡಿ. ಅತ್ತ ಸಮಾಜ ವಿಜ್ಞಾನದ ವ್ಯವಹಾರ ಅಧ್ಯಯನದಲ್ಲಿ ಬಂಡವಾಳ, ದಾಸ್ತಾನು, ಲಾಭ ಎಲ್ಲವೂ ಬಾಯಿಪಾಠದ ವ್ಯಾಖ್ಯೆಗಳು. ಎರಡನ್ನೂ ಸೇರಿಸಿ ಒಂದು ಸ್ಟೇಷನರಿ ಅಂಗಡಿಯ ಕಡತ ಮಾಡಿಟ್ಟುಕೊಂಡರೆ 40 ನಿಮಿಷದ ನಾಲ್ಕು ಪಿರಿಯಡ್‌ಗಳಿಗೆ ಸಾಕಾಗುತ್ತದೆ. ಇಲ್ಲಿನ ವಿವರ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕ್‌ಗೆ ಬರೆದದ್ದು. ಎಕ್ಸೆಲ್‌ನಲ್ಲೂ ಬಹುತೇಕ ಹೀಗೆಯೇ.

ಅಂಕಿಗಳು

ಮಕ್ಕಳು ಬಾಯಲ್ಲೇ ಲೆಕ್ಕ ಹಾಕಿ ತಾಳೆ ನೋಡುವಷ್ಟು ಸುಲಭದ ಅಂಕಿಗಳಿರಲಿ, ಆದರೆ ಅವುಗಳೊಳಗೆ ಒಂದು ತೊಡಕೂ ಇರಲಿ. ಒಂದು ವಾರದ ಲೆಕ್ಕ ಹೀಗಿದೆ. ಕ್ರಮವಾಗಿ ಕೊಂಡ ಬೆಲೆ, ಮಾರಿದ ಬೆಲೆ, ತಂದದ್ದು, ಮಾರಾಟವಾದದ್ದು:

ನೋಟ್‌ಬುಕ್: 40, 50, 60, 45
ಪೆನ್: 8, 10, 100, 80
ಪೆನ್ಸಿಲ್: 4, 5, 100, 70
ಜಾಮಿಟ್ರಿ ಬಾಕ್ಸ್: 120, 150, 10, 4
ಡ್ರಾಯಿಂಗ್ ಶೀಟ್: 3, 5, 200, 160
ಅಂಟು: 16, 20, 30, 10

ಬಾಡಿಗೆ 500, ಕರೆಂಟ್ ಬಿಲ್ 160. ಆರಂಭದ ಬಂಡವಾಳ 7,000 ರೂಪಾಯಿ.

ಮಾರಾಟ ಸರಿಯಾಗಿ 5,000 ಬರುತ್ತದೆ. ಖರೀದಿ 5,880. ಮಕ್ಕಳಿಗೆ ಇಷ್ಟು ಹೇಳಿ ‘ಲಾಭವೋ ನಷ್ಟವೋ?’ ಎಂದು ಕೇಳಿ. ಬಹುಪಾಲು ಕೈಗಳು ‘880 ರೂಪಾಯಿ ನಷ್ಟ’ಕ್ಕೆ ಏಳುತ್ತವೆ. ತೊಡಕು ಇರುವುದು ಇಲ್ಲೇ. ಮಾರಾಟವಾದ ಮಾಲಿನ ಅಸಲು ಬರೀ 3,840. ಉಳಿದ 2,040 ರೂಪಾಯಿ ಕಪಾಟಿನಲ್ಲಿ ಮಾಲಾಗಿ ಕೂತಿದೆ. ಹಾಗಾಗಿ ಒಟ್ಟು ಲಾಭ 1,160. ಖರ್ಚು 660 ಕಳೆದರೆ ನಿವ್ವಳ ಲಾಭ 500.

ಹಾಳೆಯ ರಚನೆ

ಬಿ1ರಲ್ಲಿ (ಬಿ ಕಾಲಂನ ಮೊದಲ ಸಾಲಿನ ಕೋಶ) ರಿಯಾಯಿತಿ ದರ 10% ಇಡಿ. ಎರಡನೇ ಸಾಲು ಖಾಲಿ. ಮೂರರಲ್ಲಿ ಶೀರ್ಷಿಕೆಗಳು, 4ರಿಂದ 9ರವರೆಗೆ ಮೇಲಿನ ಕ್ರಮದಲ್ಲೇ ವಸ್ತುಗಳು, 10 ಮತ್ತೆ ಖಾಲಿ, 11ರಲ್ಲಿ ಮೊತ್ತ. ಹತ್ತನೇ ಸಾಲು ಸುಮ್ಮನೆ ಬಿಟ್ಟದ್ದಲ್ಲ. ಮೊತ್ತದ ಸಾಲು ವಸ್ತುಗಳಿಗೆ ಅಂಟಿಕೊಂಡಿದ್ದರೆ ಸಾರ್ಟ್ ಮಾಡಿದಾಗ, ಅಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸಿದಾಗ, ಅದೂ ಮಧ್ಯಕ್ಕೆ ಬಂದು ಕೂರುತ್ತದೆ. ಕೂಡಿಸುವ ಸಮ್ ಸೂತ್ರದ ವ್ಯಾಪ್ತಿಯನ್ನು ಮಾತ್ರ 4ರಿಂದ 10ರವರೆಗೆ ಕೊಡಿ. ಮುಂದೆ ಹತ್ತರ ಮೇಲೆ ಹೊಸ ಸಾಲು ಸೇರಿಸಿದರೆ ಅದೂ ತಾನಾಗಿ ಮೊತ್ತದೊಳಗೆ ಬರುತ್ತದೆ.

ಎ ಕಾಲಂನಲ್ಲಿ ಹೆಸರು. ಬಿ, ಸಿ, ಡಿ, ಇ ಕಾಲಂಗಳಲ್ಲಿ ಕೊಟ್ಟಿರುವ ನಾಲ್ಕು ಅಂಕಿಗಳು. ಉಳಿದದ್ದು ಸೂತ್ರ: ಎಫ್4ರಲ್ಲಿ ಉಳಿದ ಮಾಲು =ಡಿ4-ಇ4; ಜಿ4ರಲ್ಲಿ ಮಾರಾಟ =ಸಿ4*ಇ4; ಎಚ್4ರಲ್ಲಿ ಅಸಲು =ಬಿ4*ಇ4; ಐ4ರಲ್ಲಿ ಲಾಭ =ಜಿ4-ಎಚ್4; ಜೆ4ರಲ್ಲಿ ಉಳಿದ ಮಾಲಿನ ಬೆಲೆ =ಬಿ4*ಎಫ್4. ಟೈಪ್ ಮಾಡುವಾಗ ಕಾಲಂ ಅಕ್ಷರಗಳು ಇಂಗ್ಲಿಷಿನವೇ ಆಗಿರಬೇಕು, ಕೀಬೋರ್ಡನ್ನು ಕನ್ನಡದಿಂದ ಬದಲಿಸಲು ಮಕ್ಕಳಿಗೆ ನೆನಪಿಸಿ. ವಸ್ತುಗಳ ಹೆಸರು ಯೂನಿಕೋಡ್ ಕನ್ನಡದಲ್ಲಿರಲಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಓದಲಾಗದ ಚಿಹ್ನೆಗಳಾಗುತ್ತದೆ, ಅಕಾರಾದಿ ಸಾರ್ಟ್ ಕೂಡ ಅಡ್ಡಾದಿಡ್ಡಿ.

ಸೂತ್ರಗಳನ್ನು ಖಾಲಿ ಬಿಟ್ಟ ಪ್ರತಿಯನ್ನು ‘ಸೇವ್ ಆ್ಯಸ್’ನಲ್ಲಿ ಟೆಂಪ್ಲೇಟ್ ಬಗೆಯಾಗಿ, ಅಂದರೆ ಓಟಿಎಸ್ ಕಡತವಾಗಿ ಉಳಿಸಿ. ಅದನ್ನು ಡಬಲ್ ಕ್ಲಿಕ್ ಮಾಡಿದರೆ ಹೆಸರಿಲ್ಲದ ಹೊಸ ಪ್ರತಿ ತೆರೆಯುತ್ತದೆ, ಮೂಲ ಹಾಳಾಗುವುದಿಲ್ಲ. ಕೊಟ್ಟ ಅಂಕಿಗಳನ್ನು ಯಾರೂ ತಿದ್ದದಂತೆ ಬೀಗ ಹಾಕಬೇಕೆಂದರೆ ಕ್ರಮ ಮುಖ್ಯ: ಮೊದಲು ಮಕ್ಕಳು ತುಂಬಬೇಕಾದ ಕೋಶಗಳನ್ನು ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನ ಸೆಲ್ ಪ್ರೊಟೆಕ್ಷನ್‌ನಲ್ಲಿ ಗುರುತು ತೆಗೆಯಿರಿ, ಆಮೇಲೆ ಪ್ರೊಟೆಕ್ಟ್ ಶೀಟ್. ಹಿಂದುಮುಂದಾದರೆ ಇಡೀ ಹಾಳೆಗೆ ಬೀಗ ಬಿದ್ದು, ತರಗತಿಯ ಮೊದಲ ಹತ್ತು ನಿಮಿಷ ‘ಟೈಪ್ ಆಗ್ತಿಲ್ಲ ಸರ್’ ಎಂಬುದರಲ್ಲೇ ಕಳೆಯುತ್ತದೆ.

ಪಕ್ಕದವರ ಕಡತ ನಕಲು ಮಾಡುವುದನ್ನು ತಡೆಯಲು ಬಂಡವಾಳವನ್ನು 7,000 + ರೋಲ್ ನಂಬರ್ × 10 ಎಂದು ಕೊಡಿ. ಬಂಡವಾಳದಿಂದ ಖರೀದಿ, ಖರ್ಚು ಕಳೆದು ಮಾರಾಟ ಕೂಡಿಸಿದರೆ ವಾರದ ಕೊನೆಗೆ ಗಲ್ಲಾದಲ್ಲಿರಬೇಕಾದದ್ದು 5,460 + ರೋಲ್ ನಂಬರ್ × 10. ನಲವತ್ತು ಉತ್ತರಗಳಿಗೂ ಕೀಲಿ ಒಂದೇ ಸಾಲು.

ತರಗತಿಯಲ್ಲಿ

ಮೊದಲ ಪಿರಿಯಡ್‌ಗೆ ಕಂಪ್ಯೂಟರ್ ಬೇಡ. ಅದೇ ಚೌಕಳಿ ಹಾಳೆಯನ್ನು ಜೆರಾಕ್ಸ್ ಮಾಡಿ ಕೊಟ್ಟು ಪೆನ್ಸಿಲ್‌ನಲ್ಲಿ ತುಂಬಿಸಿ. ಕೈಯಲ್ಲಿ ಆರು ಸಲ ಗುಣಿಸಿದ ಮೇಲೆಯೇ ಸೂತ್ರವನ್ನು ಕೆಳಗೆ ಎಳೆಯುವುದರ ಬೆಲೆ ಗೊತ್ತಾಗುವುದು. ಕರೆಂಟ್ ಹೋದ ದಿನಕ್ಕೂ ಈ ಹಾಳೆಯೇ ಆಸರೆ.

ಹತ್ತು ಯಂತ್ರ, ನಲವತ್ತು ಮಕ್ಕಳು ಎಂದಿಟ್ಟುಕೊಳ್ಳಿ. ಯಂತ್ರಕ್ಕೆ ನಾಲ್ವರು: ಒಬ್ಬರು ಟೈಪ್, ಒಬ್ಬರು ಓದಿ ಹೇಳುವುದು, ಇಬ್ಬರು ಕಾಗದದ ಹಾಳೆಯೊಂದಿಗೆ ತಾಳೆ. ಏಳು ನಿಮಿಷಕ್ಕೊಮ್ಮೆ ಜಾಗ ಬದಲು. ಆರಂಭಕ್ಕೆ ಐದು ನಿಮಿಷ, ಕಡತ ಉಳಿಸಿ ಯಂತ್ರ ಮುಚ್ಚಲು ಏಳು. ಉಳಿದ 28ರಲ್ಲಿ ನಾಲ್ವರ ಸರದಿಯೂ ಮುಗಿಯುತ್ತದೆ. ಗಡಿಯಾರ ಹಿಡಿಯದಿದ್ದರೆ ಮೌಸ್ ಒಬ್ಬರ ಕೈಯಲ್ಲೇ ಉಳಿಯುವುದು ಖಚಿತ.

ಎರಡನೇ ಪಿರಿಯಡ್‌ನಲ್ಲಿ ಸೂತ್ರಗಳು, ಮೊತ್ತ. ಮೂರನೆಯದು ರಿಯಾಯಿತಿ, ಇಡೀ ಘಟಕದ ಅತ್ಯುತ್ತಮ ಭಾಗ ಇದೇ. ಕೆ4ರಲ್ಲಿ =ಸಿ4*(1-ಬಿ1) ಎಂದು ಬರೆಸಿ, ಡಾಲರ್ ಚಿಹ್ನೆಯ ಸುದ್ದಿ ಎತ್ತದೆ ಕೆಳಗೆ ಎಳೆಯಲು ಬಿಡಿ. ನೋಟ್‌ಬುಕ್ ಸರಿಯಾಗಿ 45 ಆಗುತ್ತದೆ. ಪೆನ್ 10ರಲ್ಲೇ ನಿಲ್ಲುತ್ತದೆ. ಸೂತ್ರ ಖಾಲಿ ಬಿ2ಕ್ಕೆ ಜಾರಿದೆ. ಪೆನ್ಸಿಲ್‌ನಲ್ಲಿ #ವ್ಯಾಲ್ಯೂ! ದೋಷ, ಏಕೆಂದರೆ ಬಿ3ರಲ್ಲಿರುವುದು ಶೀರ್ಷಿಕೆಯ ಅಕ್ಷರಗಳು. ಜಾಮಿಟ್ರಿ ಬಾಕ್ಸ್‌ಗೆ ಬರುವ ಬೆಲೆ -5,850! ನಗು ಅಡಗಿದ ಮೇಲೆ ಪ್ರತಿ ಕೋಶವನ್ನೂ ಕ್ಲಿಕ್ ಮಾಡಿಸಿ, ಬಿ1 ಎಲ್ಲೆಲ್ಲಿಗೆ ಹೋಯಿತು ಎಂದು ಹುಡುಕಿಸಿ. ಆಮೇಲೆ $ಬಿ$1: ಡಾಲರ್ ಚಿಹ್ನೆ ಹಾಕಿದರೆ ಸೂತ್ರವನ್ನು ಎಳೆದರೂ ಆ ಕೋಶ ಕದಲುವುದಿಲ್ಲ. ಮೂರು ತಪ್ಪುಗಳಲ್ಲಿ ಅಪಾಯಕಾರಿ ಯಾವುದು ಎಂದೂ ಕೇಳಿ: -5,850 ಕಣ್ಣಿಗೆ ರಾಚುತ್ತದೆ, ಪೆನ್ನಿನ 10 ಸದ್ದಿಲ್ಲದೆ ದಾಟಿಬಿಡುತ್ತದೆ.

ನಾಲ್ಕನೆಯದು ಸಾರ್ಟ್ ಮತ್ತು ಚಾರ್ಟ್. ಲಾಭದ ಕಾಲಂ ಪ್ರಕಾರ ಇಳಿಕೆ ಕ್ರಮದಲ್ಲಿಟ್ಟರೆ ನೋಟ್‌ಬುಕ್ 450, ಅದರ ಹಿಂದೆಯೇ ಮೂರು ರೂಪಾಯಿಯ ಡ್ರಾಯಿಂಗ್ ಶೀಟ್ 320. ಒಂದಕ್ಕೆ 30 ರೂಪಾಯಿ ಸಿಗುವ ಜಾಮಿಟ್ರಿ ಬಾಕ್ಸ್ ನಾಲ್ಕನೇ ಸ್ಥಾನದಲ್ಲಿ 120. ಮೇಲಾಗಿ ಉಳಿದ ಮಾಲಿನ 2,040ರಲ್ಲಿ 720 ಅದರಲ್ಲೇ ಸಿಕ್ಕಿಕೊಂಡಿದೆ. ಒಂದೇ ಕಾಲಂ ಆರಿಸಿ ಸಾರ್ಟ್ ಒತ್ತಿದರೆ ಕ್ಯಾಲ್ಕ್ ‘ಆಯ್ಕೆಯನ್ನು ವಿಸ್ತರಿಸಲೇ?’ ಎಂದು ಕೇಳುತ್ತದೆ. ಬೇಡವೆಂದರೆ ಆ ಕಾಲಂ ಮಾತ್ರ ಕದಲಿ ಅಂಕಿಗಳು ಬೇರೆ ವಸ್ತುವಿನ ಪಾಲಾಗುತ್ತವೆ.

ಬೇಕೆಂದೇ ಕೆಡಿಸಿದ ಪ್ರತಿ

ಸರಿಯಾದ ಕಡತದ ಜೊತೆಗೆ ಕೆಟ್ಟದ್ದೊಂದನ್ನೂ ತಯಾರಿಸಿ, ಅದನ್ನು ದುರಸ್ತಿ ಮಾಡಲು ಕೊಡಿ. ಡಿ4ರಲ್ಲಿ 60ರ ಬದಲು ‘60 ಪುಸ್ತಕ’: ಕಳೆಯುವ ಸೂತ್ರ ದೋಷ ತೋರಿಸುತ್ತದೆ, ಸಮ್ ಮಾತ್ರ ಅಕ್ಷರವಿರುವ ಕೋಶವನ್ನು ತೆಪ್ಪಗೆ ಬಿಟ್ಟು ಕೂಡಿಸುತ್ತದೆ. ಸಂಖ್ಯೆ ಬಲಕ್ಕೆ, ಅಕ್ಷರ ಎಡಕ್ಕೆ ವಾಲುತ್ತದೆ ಎಂಬುದೇ ಇದನ್ನು ಹಿಡಿಯುವ ಉಪಾಯ. ದಿನದ ಮಾರಾಟದ ಇನ್ನೊಂದು ಹಾಳೆಯಲ್ಲಿ ‘ಪೆನ್’ ಒಮ್ಮೆ, ‘ಪೆನ್ನು’ ಒಮ್ಮೆ; ಕೊಟ್ಟ ಹೆಸರಿನ ಸಾಲುಗಳನ್ನಷ್ಟೇ ಕೂಡಿಸುವ ಸಮ್‌ಇಫ್ ಎರಡನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೇರೆ ಹಾಳೆಯ ಕೋಶ ಕರೆಯಲು ಕ್ಯಾಲ್ಕ್‌ನಲ್ಲಿ ಹಾಳೆಯ ಹೆಸರಿನ ನಂತರ ಚುಕ್ಕಿ, ಎಕ್ಸೆಲ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ. ದಿನಾಂಕವೂ ಒಂದು ಬಲೆ: ಯಂತ್ರದ ಲೊಕೇಲ್ (ಯಾವ ದೇಶದ ರೂಢಿ ಎಂಬ ಸೆಟ್ಟಿಂಗ್) ಅಮೆರಿಕದ್ದಾಗಿದ್ದರೆ 3/4 ಎಂಬುದು ಮಾರ್ಚ್ 4 ಆಗುತ್ತದೆ, 13/4 ಬರೀ ಅಕ್ಷರವಾಗಿ ಉಳಿಯುತ್ತದೆ. ಭಾಷಾ ಆಯ್ಕೆಯಲ್ಲಿ ಲೊಕೇಲನ್ನು ಭಾರತಕ್ಕೆ ಬದಲಿಸಿ.

ಶೇಕಡಾ ಮತ್ತು ತೆರಿಗೆ

40ಕ್ಕೆ ಕೊಂಡು 50ಕ್ಕೆ ಮಾರಿದರೆ ಗಣಿತ ಪುಸ್ತಕದ ಪ್ರಕಾರ ಲಾಭ 25%. ವ್ಯಾಪಾರಿ ಮಾರಾಟದ ಮೇಲೆ ಎಣಿಸಿದರೆ 20%. ಎರಡೂ ಸರಿ, ಭಾಜಕ ಬೇರೆ. ಶೀರ್ಷಿಕೆಯಲ್ಲಿ ‘ಕೊಂಡ ಬೆಲೆಯ ಮೇಲೆ’ ಅಥವಾ ‘ಮಾರಾಟದ ಮೇಲೆ’ ಎಂದು ಬರೆಸಿ.

ಜಿಎಸ್‌ಟಿ ದರವನ್ನು ಸೂತ್ರದೊಳಗೆ ಬರೆಯದೆ ಪ್ರತ್ಯೇಕ ಕೋಶದಲ್ಲಿಡಿ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್‌ಗಳಿಗೆ ತೆರಿಗೆ ಇಲ್ಲ, ಜಾಮಿಟ್ರಿ ಬಾಕ್ಸ್‌ಗೆ 12ರಿಂದ 5%ಗೆ ಇಳಿದಿದೆ. ಹಳೆಯ ಅಭ್ಯಾಸಗಳೆಲ್ಲ ಒಂದೇ ದಿನಕ್ಕೆ ತಪ್ಪಾದವು. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಆದ್ದರಿಂದ 150ರ ಬಾಕ್ಸ್‌ನಲ್ಲಿ ತೆರಿಗೆ 7.50 ಅಲ್ಲ, 150 × 5 ÷ 105, ಅಂದರೆ 7.14.

2025ರ ಜುಲೈನಲ್ಲಿ ಯುಪಿಐ ಮೊತ್ತ ನೋಡಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಬಂದ ಜಿಎಸ್‌ಟಿ ನೋಟಿಸುಗಳನ್ನು ಇಲ್ಲೇ ಚರ್ಚೆಗೆ ತನ್ನಿ. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ಲಾಭವಲ್ಲ. ನಮ್ಮ ಅಂಗಡಿಯ ಲೆಕ್ಕದಲ್ಲಿ 40 ಲಕ್ಷ ಮಾರಿದವರ ಕೈಗೆ ಉಳಿಯುವುದು 4 ಲಕ್ಷ.

ಅಂಕ

ಹತ್ತರಲ್ಲಿ ನಾಲ್ಕು ಸೂತ್ರಗಳಿಗೆ, ಎರಡು ಕೆಟ್ಟ ಪ್ರತಿಯ ದುರಸ್ತಿಗೆ. ಉಳಿದ ನಾಲ್ಕು, ಕನ್ನಡದಲ್ಲಿ ಎರಡು ವಾಕ್ಯ ಬರೆಯಲು: ‘500 ರೂಪಾಯಿ ಲಾಭ ಬಂದಿದ್ದರೂ ಗಲ್ಲಾದಲ್ಲಿ 1,540 ಕಡಿಮೆಯಾದದ್ದೇಕೆ?’ ಉತ್ತರದಲ್ಲಿ 2,040ರ ದಾಸ್ತಾನು ಬಂದಿದ್ದರೆ ಪೂರ್ತಿ ಅಂಕ ಕೊಡಿ, ಸೂತ್ರದಲ್ಲಿ ಒಂದೆರಡು ತಪ್ಪಿದ್ದರೂ ಸರಿ.