ಟೈಪ್ ಗೊತ್ತಿಲ್ಲದ ಎಕ್ಸ್‌ಎಂಎಲ್ ಅನ್ನು ಆಬ್ಜೆಕ್ಟ್ ಮಾಡುವ ಬಗೆ

ಪೀಣ್ಯದ ಗೋದಾಮೊಂದರ ಸಾಫ್ಟ್‌ವೇರ್ ಎಂದಿಟ್ಟುಕೊಳ್ಳಿ. ಒಂದೇ ಫೋಲ್ಡರಿಗೆ ಆರ್ಡರ್, ಬಿಲ್, ರಿಟರ್ನ್ ಮೂರೂ ಎಕ್ಸ್‌ಎಂಎಲ್ ಫೈಲುಗಳಾಗಿ ಬಂದು ಬೀಳುತ್ತವೆ, ಫೈಲ್ ಹೆಸರಿನಿಂದ ಯಾವುದು ಏನೆಂದು ತಿಳಿಯದು. ಎಕ್ಸ್‌ಎಂಎಲ್ ಅನ್ನು ಆಬ್ಜೆಕ್ಟ್ ಮಾಡಿಕೊಡುವುದು ಡಾಟ್‌ನೆಟ್‌ನ (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ) ಎಕ್ಸ್‌ಎಂಎಲ್ ಸೀರಿಯಲೈಝರ್; ಅದಕ್ಕಾದರೆ ಟೈಪ್, ಅಂದರೆ ಯಾವ ಕ್ಲಾಸ್ ಎಂಬುದನ್ನು, ಮೊದಲೇ ಹೇಳಬೇಕು. ಒಂದೊಂದೇ ಟೈಪ್ ಕೊಟ್ಟು ಟ್ರೈ-ಕ್ಯಾಚ್‌ನಲ್ಲಿ ನೋಡುವ ದಾರಿ ಹಿಡಿಯಬೇಡಿ. ಬಿಲ್ಲಿನ ತಾರೀಖು ತಪ್ಪಿದ್ದರೂ ‘ಇದು ಬಿಲ್ ಅಲ್ಲ’ ಎಂದು ಕೋಡ್ ಮುಂದಕ್ಕೆ ಹೋಗಿಬಿಡುತ್ತದೆ, ನಿಜವಾದ ತಪ್ಪು ಕಾಣುವುದೇ ಇಲ್ಲ.

ಉತ್ತರ ರೂಟ್ ಎಲಿಮೆಂಟ್‌ನಲ್ಲೇ, ಅಂದರೆ ಫೈಲಿನ ಎಲ್ಲಕ್ಕಿಂತ ಹೊರಗಿನ ಟ್ಯಾಗಿನಲ್ಲೇ ಇದೆ. ಎಕ್ಸ್‌ಎಂಎಲ್ ರೀಡರ್ ತೆರೆದು ‘ಮೂವ್ ಟು ಕಂಟೆಂಟ್’ ಕರೆಯಿರಿ. ಡಿಕ್ಲರೇಷನ್, ಕಾಮೆಂಟ್, ಖಾಲಿ ಜಾಗ ದಾಟಿ ಅದು ರೂಟ್ ಮೇಲೆ ನಿಲ್ಲುತ್ತದೆ. ಅಲ್ಲಿ ಲೋಕಲ್ ನೇಮ್ (ಟ್ಯಾಗಿನ ಹೆಸರು), ನೇಮ್‌ಸ್ಪೇಸ್ (ಆ ಹೆಸರು ಯಾರದ್ದೆಂದು ಹೇಳುವ ಗುರುತು) ಎರಡನ್ನೂ ಓದಿಕೊಳ್ಳಿ. ಇಬ್ಬರು ಸರಬರಾಜುದಾರರು <ಬಿಲ್> ಎಂದೇ ಕಳಿಸಬಹುದು, ಬೇರೆಯಾಗಿರುವುದು ನೇಮ್‌ಸ್ಪೇಸ್ ಮಾತ್ರ. ಈ ಜೋಡಿಯನ್ನೇ ಕೀ ಮಾಡಿ, ಯಾವ ಕೀಗೆ ಯಾವ ಸೀರಿಯಲೈಝರ್ ಎಂದು ಮೊದಲೇ ತುಂಬಿಟ್ಟ ಡಿಕ್ಷನರಿಯಿಂದ ಸೀರಿಯಲೈಝರ್ ತೆಗೆದು, ಅದೇ ರೀಡರನ್ನು ಅದರ ಡೀಸೀರಿಯಲೈಝ್ (ಆಬ್ಜೆಕ್ಟ್ ಮಾಡುವ) ಮೆಥಡ್‌ಗೆ ಕೊಡಿ.

‘ಅದೇ ರೀಡರ್’ ಎಂಬುದು ಮುಖ್ಯ. ರೀಡರ್ ಓದುತ್ತಿದ್ದ ಮೂಲ ಫೈಲ್ ಸ್ಟ್ರೀಮನ್ನೇ ಕೊಟ್ಟರೆ, ಸಣ್ಣ ಫೈಲನ್ನು ರೀಡರ್ ಆಗಲೇ ಪೂರ್ತಿ ಬಫರಿಗೆ ಎಳೆದುಕೊಂಡಿರುವುದರಿಂದ ‘ರೂಟ್ ಎಲಿಮೆಂಟ್ ಈಸ್ ಮಿಸ್ಸಿಂಗ್’ ಎಂಬ ಎರರ್ ಬರುತ್ತದೆ. ಫೈಲ್ ಸರಿಯಾಗಿಯೇ ಇರುತ್ತದೆ!

ಸೀರಿಯಲೈಝರ್‌ಗಳನ್ನು ಒಮ್ಮೆ ಮಾಡಿ ಇಟ್ಟುಕೊಳ್ಳಿ. ಬರೀ ಟೈಪ್ ಕೊಟ್ಟು ಮಾಡಿದ್ದಕ್ಕೆ ಡಾಟ್‌ನೆಟ್ ತಾನೇ ಕ್ಯಾಶ್ ಇಡುತ್ತದೆ. ರೂಟ್ ಹೆಸರು ಹೇಳುವ ರೂಟ್ ಆಟ್ರಿಬ್ಯೂಟ್ ಸೇರಿಸಿ ಮಾಡಿದರೆ ಪ್ರತಿ ಸಲವೂ ಹೊಸ ಅಸೆಂಬ್ಲಿ (ಕಂಪೈಲಾದ ಕೋಡಿನ ಕಟ್ಟು) ಹುಟ್ಟಿ ಮೆಮೊರಿಯಲ್ಲೇ ಉಳಿಯುತ್ತದೆ. ದಿನವಿಡೀ ಓಡುವ ಸರ್ವಿಸ್ ನಿಧಾನವಾಗಿ ಉಬ್ಬುತ್ತದೆ.

ಕ್ಲಾಸ್ ಹೆಸರನ್ನು ಫೈಲಿನಿಂದಲೇ ಓದಿ ಟೈಪ್ ಹುಡುಕುವುದು ಸುಲಭವಾಗಿ ಕಂಡರೂ ಮಾಡಬೇಡಿ. ಯಾವ ಕ್ಲಾಸ್ ಎಂಬುದನ್ನು ಹೊರಗಿನವರ ಕೈಗೆ ಕೊಟ್ಟಂತೆ. ಡಿಕ್ಷನರಿಯಲ್ಲಿಲ್ಲದ ರೂಟ್ ಬಂದರೆ, ಹೆಸರನ್ನೂ ನೇಮ್‌ಸ್ಪೇಸನ್ನೂ ಲಾಗ್ ಮಾಡಿ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿ.

‘ದೇರ್ ಈಸ್ ಆ್ಯನ್ ಎರರ್ ಇನ್ ಎಕ್ಸ್‌ಎಂಎಲ್ ಡಾಕ್ಯುಮೆಂಟ್ (1, 2)’ ಎಂಬ ಎರರ್ ಬಂದರೆ 1ನೇ ಸಾಲಿನ 2ನೇ ಅಕ್ಷರ, ಅಂದರೆ ರೂಟ್ ಟ್ಯಾಗಿನಲ್ಲೇ ತಕರಾರು. ಆ ಎರರಿನೊಳಗಿನ ಇನ್ನರ್ ಎಕ್ಸೆಪ್ಷನ್ ತೆರೆದರೆ ಬಂದ ಹೆಸರು, ನೇಮ್‌ಸ್ಪೇಸ್ ಎರಡೂ ಕಾಣುತ್ತವೆ. ಇದಕ್ಕಿಂತ ಕೆಟ್ಟದ್ದು ಎರರೇ ಬಾರದ ತಪ್ಪು: ಒಳಗಿನ <ಮೊತ್ತ>ದ ನೇಮ್‌ಸ್ಪೇಸ್ ಹೊಂದದಿದ್ದರೆ ಸೀರಿಯಲೈಝರ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಬಿಲ್ಲಿನ ಮೊತ್ತ 0 ಆಗುತ್ತದೆ. ‘ಅನ್‌ನೋನ್ ಎಲಿಮೆಂಟ್’ ಈವೆಂಟ್‌ಗೆ ಹ್ಯಾಂಡ್ಲರ್ ಕಟ್ಟಿ, ಅಲ್ಲಿ ಬಂದದ್ದನ್ನು ಎರರ್ ಎಂದೇ ಎಣಿಸಿ.