ಅಮ್ಮನ ಉಪ್ಪಿನಕಾಯಿ ದರಪಟ್ಟಿ, ನನ್ನ ಮೊದಲ ವೆಬ್ ಪುಟ

ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕಲಿಯಲು ನಾನು ಆರಿಸಿಕೊಂಡಿದ್ದು ಅಮ್ಮ ಮಾಡಿ ಮಾರುವ ಉಪ್ಪಿನಕಾಯಿಯ ದರಪಟ್ಟಿ. ಅಪ್ಪೆಮಿಡಿ, ನಿಂಬೆ, ಕಂಚಿಕಾಯಿ. ಅರ್ಧ ಕೆಜಿಗೆ ಎಷ್ಟು, ಒಂದು ಕೆಜಿಗೆ ಎಷ್ಟು. ಇಷ್ಟರಲ್ಲೇ ಹೆಡಿಂಗ್, ಪ್ಯಾರಾ, ಟೇಬಲ್, ಫೋಟೊ, ಲಿಂಕ್ ಎಲ್ಲಾ ಬಂದುಬಿಡುತ್ತದೆ. ಸುಮ್ನೆ ಅಭ್ಯಾಸಕ್ಕೆ ಮಾಡಿ ಬಿಡುವ ಪುಟಕ್ಕಿಂತ ನಾಲ್ಕು ಜನ ನಿಜವಾಗಿ ನೋಡುವ ಪುಟ ಜಾಸ್ತಿ ಕಲಿಸುತ್ತದೆ.

ಸಾಫ್ಟ್‌ವೇರ್ ಏನೂ ಕೊಳ್ಳಲಿಲ್ಲ. ನೋಟ್‌ಪ್ಯಾಡ್‌ನಲ್ಲಿ ಬರೆದು, ಫೈಲ್ ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಸೇರಿಸಿ, ಬ್ರೌಸರ್‌ನಲ್ಲಿ ತೆರೆದೆ. ಇದಕ್ಕೆ ಇಂಟರ್ನೆಟ್ ಕೂಡ ಬೇಡ.

ಪುಟ ಕನ್ನಡದ್ದಾದರೆ ಇನ್ನೂ ಕೆಲವು ವಿಷಯ ಗೊತ್ತಿರಬೇಕು. ಮೊದಲನೆಯದು ಮೆಟಾ ಟ್ಯಾಗ್‌ನಲ್ಲಿ (ಪುಟದ ಬಗ್ಗೆ ಬ್ರೌಸರ್‌ಗೆ ಹೇಳುವ ಸಾಲಿನಲ್ಲಿ) ಬರುವ ಯುಟಿಎಫ್-8, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ರೀತಿ. ಅದಿಲ್ಲದೆ ಬ್ರೌಸರ್ ಬೇರೇನೋ ಊಹಿಸಿದರೆ ಕನ್ನಡವೆಲ್ಲ ಅರ್ಥವಾಗದ ಗುರುತುಗಳಾಗುತ್ತದೆ. ಆ ಸಾಲು ಫೈಲಿನ ಮೊದಲ 1024 ಬೈಟ್ ಒಳಗೇ ಇರಬೇಕು. ಯುಟಿಎಫ್-8ರಲ್ಲಿ 'ಕ' ಒಂದಕ್ಕೇ 3 ಬೈಟ್ ಬೇಕು, ಹಾಗಾಗಿ ನಾನು ಅದನ್ನು ಟೈಟಲ್‌ಗಿಂತಲೂ ಮೇಲೆ ಇಡುತ್ತೇನೆ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲೇ ಭಾಷೆ ಕನ್ನಡ ಎಂದೂ ಹೇಳಬೇಕು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ನೋಡಿಯೇ ದನಿ ಆರಿಸುತ್ತದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ.

ಹಳೆಯ ದರಪಟ್ಟಿ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆಗಿತ್ತು. ಅದನ್ನು ಹಾಗೇ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲಾ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಇರುವ ವ್ಯವಸ್ಥೆಗೆ, ಬದಲಿಸಿಕೊಳ್ಳಬೇಕು.

ಆಮೇಲೆ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್. ನನ್ನ ಹೆಚ್ಚಿನ ಸಮಯ ಹೋಗಿದ್ದು ಸಾಲುಗಳ ನಡುವಿನ ಅಂತರಕ್ಕೆ. ಇಂಗ್ಲಿಷ್‌ಗೆ ಚೆನ್ನಾಗಿರುವ ಅಳತೆ ನಮಗೆ ಸಾಲದು. 'ಉಪ್ಪಿನಕಾಯಿ'ಯ ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುವಂತಾಗುತ್ತದೆ, ಅಲ್ವಾ? ಬ್ರೌಸರ್‌ನಲ್ಲಿ ಎಫ್12 ಒತ್ತಿ, ಪುಟದ ಕೋಡ್ ತೋರಿಸುವ ಕಿಟಕಿ ತೆರೆದು, ಲೈನ್-ಹೈಟ್ (ಸಾಲಿನ ಎತ್ತರ) ಅನ್ನು ಅಲ್ಲೇ ಏರಿಸಿ ಇಳಿಸಿ ನೋಡಿದೆ. ರಿಫ್ರೆಶ್ ಮಾಡಿದರೆ ಎಲ್ಲಾ ಮೊದಲಿನಂತೆ, ಆದ್ದರಿಂದ ಕೆಡುವ ಭಯವಿಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟ್‌ಗೆ 1.7, ಅಂದರೆ ಅಕ್ಷರದ ಅಳತೆಯ 1.7 ಪಟ್ಟು, ಹಿತವಾಗಿ ಕಂಡಿತು. ಇಟಾಲಿಕ್ ಬಳಸಲೇ ಇಲ್ಲ. ಬ್ರೌಸರ್ ಸುಮ್ನೆ ಅಕ್ಷರವನ್ನು ವಾಲಿಸುತ್ತದೆ, ನೋಡಲು ಚೆನ್ನಾಗಿರಲ್ಲ. ಎದ್ದು ಕಾಣಬೇಕಾದ ಕಡೆ ದಪ್ಪಕ್ಷರ ಅಥವಾ ಬಣ್ಣ ಸಾಕು.

ಗಿರಾಕಿಗಳು ನೋಡುವುದು ಮೊಬೈಲ್‌ನಲ್ಲೇ. ಅದಕ್ಕೆ ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಹಾಕಿ, ಟೇಬಲ್ ಅನ್ನು ಮೂರೇ ಕಾಲಮ್‌ಗೆ ಇಳಿಸಿದೆ. ಒತ್ತಿದಾಗ ಪುಟ ಪ್ರತಿಕ್ರಿಯಿಸುವಂತೆ ಮಾಡುವ ಜಾವಾಸ್ಕ್ರಿಪ್ಟ್ ಇನ್ನೂ ಮುಟ್ಟಿಲ್ಲ, ಈ ಪುಟಕ್ಕೆ ಅದು ಬೇಕಾಗಲೂ ಇಲ್ಲ.